ವಸಡಿನ ರೋಗ: ಶುದ್ಧಿಯೇ ಚಿಕಿತ್ಸೆ, ಔಷಧಿ ಸಹಾಯಕ

‘ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ’ ಎಂಬ ಗಾದೆ ಕನ್ನಡ ನಾಡಿನಲ್ಲಿ ಎಲ್ಲರ ನಾಲಗೆಯ ಮೇಲಿದೆ. ಆದರೆ ಆ ಹಲ್ಲು ಹೋದುದೇಕೆ ಎಂದು ವಿಚಾರಿಸುವವರು ವಿರಳ. ಮುಪ್ಪು ಬಂದರೆ ಹಲ್ಲು ಉದುರಲೇಬೇಕೆಂಬುದು ಬಹುಜನರ ನಂಬಿಕೆ. ವಸ್ತುಸ್ಥಿತಿ ಹಾಗಿಲ್ಲ. ಹುಳುಕಿಲ್ಲದ ಗಟ್ಟಿ ಹಲ್ಲೂ ನಡುವಯಸ್ಸಿನಲ್ಲಿಯೇ ಅಲುಗಾಡಿ ಬೀಳುವುದಕ್ಕೆ ಬಹುಮಟ್ಟಿಗೆ ಕಾರಣವಾದುದು, ಅದನ್ನು ಹಿಡಿದು ನಿಲ್ಲಿಸಿದ ವಸಡು ಮತ್ತು ಎಲುಬಿನ ರೋಗ. ಈ ರೋಗವನ್ನು ತಡೆಯಬಹುದು. ತಲೆದೋರಿದ ಮೇಲೂ ಹತೋಟಿಯಲ್ಲಿಡಬಹುದು.

ರೋಗದ ಬಗೆ

ಹಲ್ಲಿನ ಮೇಲೆ, ವಿಶೇಷವಾಗಿ ವಸಡಿನ ಅಂಚಿನಲ್ಲಿ, ಸೂಕ್ಷ್ಮಜೀವಿಗಳ ಮೆತ್ತನೆಯ ಪದರವೊಂದು ದಿನವೂ ಕೂಡುತ್ತದೆ. ಜನರು ಇದನ್ನು ‘ಪಾಚಿ’ ಎನ್ನುತ್ತಾರೆ. ಉಜ್ಜಿ ತೆಗೆಯದೆ ಬಿಟ್ಟರೆ ಜೊಲ್ಲಿನಲ್ಲಿರುವ ಸುಣ್ಣದ ಅಂಶ ಅದರಲ್ಲಿ ಸೇರಿ ಗಾರೆಯಂತೆ ಗಟ್ಟಿಯಾಗುತ್ತದೆ. ಅನಂತರ ಬ್ರಷ್ಷಿನಿಂದ ಅದನ್ನು ತೆಗೆಯಲಾಗದು. ಮೊದಲು ವಸಡು ಕೆಂಪಾಗಿ ಊದಿಕೊಂಡು, ಹಲ್ಲುಜ್ಜುವಾಗ ರಕ್ತ ಒಸರುತ್ತದೆ. ಈ ಹಂತದಲ್ಲಿ ಎಚ್ಚತ್ತರೆ ರೋಗ ಪೂರ್ಣವಾಗಿ ವಾಸಿಯಾಗುತ್ತದೆ. ಅಲಕ್ಷಿಸಿದರೆ ಅನೇಕರಲ್ಲಿ ಉರಿಯೂತವು ಆಳಕ್ಕಿಳಿದು, ಹಲ್ಲಿನ ಬೇರನ್ನು ಹಿಡಿದಿರುವ ತಂತುಗಳನ್ನೂ ಎಲುಬನ್ನೂ ಕರಗಿಸತೊಡಗುತ್ತದೆ.

ಈ ಕಾರ್ಯಕಾರಣ ಸಂಬಂಧವನ್ನು ನಿಸ್ಸಂದೇಹವಾಗಿ ತೋರಿಸಿದ ಪ್ರಯೋಗ 1965ರಲ್ಲಿ ಪ್ರಕಟವಾಯಿತು. ಡೆನ್ಮಾರ್ಕಿನ ಆರ್ಹುಸ್‌ನಲ್ಲಿ ಹೆರಾಲ್ಡ್ ಲೋ ಮತ್ತು ಅವರ ಸಹೋದ್ಯೋಗಿಗಳು 12 ಮಂದಿ ಆರೋಗ್ಯವಂತರಿಗೆ ಹಲ್ಲುಜ್ಜುವುದನ್ನು ನಿಲ್ಲಿಸುವಂತೆ ಹೇಳಿದರು. 10ರಿಂದ 21 ದಿನಗಳೊಳಗೆ ಎಲ್ಲರ ವಸಡೂ ಊದಿಕೊಂಡಿತು. ಮತ್ತೆ ಉಜ್ಜತೊಡಗಿದಾಗ ಸುಮಾರು ಒಂದು ವಾರದಲ್ಲಿ ಮೊದಲಿನಂತಾಯಿತು. ಅದೇ 1965ರಲ್ಲಿ, ಡಾ. ಟಿ. ಎಂ. ಎ. ಪೈಯವರು ಕಟ್ಟಿ ಬೆಳೆಸಿದ ಮಣಿಪಾಲದಲ್ಲಿ ದಂತವೈದ್ಯ ಶಿಕ್ಷಣ ಆರಂಭವಾಯಿತು. ಹಲ್ಲುನೋವು ಬಂದರೆ ಕೀಳಿಸುವುದೊಂದೇ ದಾರಿ ಎಂದು ತಿಳಿದಿದ್ದ ಕರಾವಳಿಯ ಹಳ್ಳಿಗರಿಗೆ ಹಲ್ಲನ್ನು ಉಳಿಸಿಕೊಳ್ಳುವ ವಿದ್ಯೆ ಹೀಗೆ ಹತ್ತಿರಕ್ಕೆ ಬಂದಿತು.

ನೋವಿಲ್ಲದಿರುವುದೇ ಈ ರೋಗದ ಮೋಸ. ಕಾಪುವಿನ ಕಡಲತೀರದ ಮೀನುಗಾರನಾಗಲಿ ಕಾರ್ಕಳದ ತೋಟದ ಕೃಷಿಕನಾಗಲಿ ನೋವಿಲ್ಲದ ಬಾಯಿಯನ್ನು ವೈದ್ಯರಿಗೆ ತೋರಿಸಲು ಒಂದು ದಿನದ ದುಡಿಮೆಯನ್ನು ಬಿಟ್ಟು ಹೊರಡುವುದು ಕಷ್ಟ. ಬೀಡಿ, ಸಿಗರೇಟು ಸೇದುವವರಲ್ಲಿ ವಸಡಿನ ರಕ್ತಸ್ರಾವ ಕಡಿಮೆಯಾಗಿರುವುದರಿಂದ ಎಚ್ಚರಿಕೆಯ ಆ ಒಂದು ಸೂಚನೆಯೂ ಮರೆಯಾಗುತ್ತದೆ. ಒಳಗೆ ಎಲುಬು ಮಾತ್ರ ಸವೆಯುತ್ತಲೇ ಇರುತ್ತದೆ.

ಆಳವಾದ ಶುದ್ಧಿ

ವಸಡಿಗೂ ಹಲ್ಲಿಗೂ ನಡುವೆ ಸ್ವಾಭಾವಿಕವಾಗಿಯೇ ಒಂದು ಕಿರಿದಾದ ಸಂದು ಇರುತ್ತದೆ. ಮಿಲಿಮೀಟರಿನ ಗುರುತುಗಳುಳ್ಳ ತೆಳ್ಳನೆಯ ಸಲಾಕೆಯಿಂದ ವೈದ್ಯರು ಇದನ್ನು ಅಳೆಯುತ್ತಾರೆ. ಆರೋಗ್ಯವಂತರಲ್ಲಿ ಇದರ ಆಳ 1ರಿಂದ 3 ಮಿಲಿಮೀಟರ್. ರೋಗದಿಂದ ಅದು 4, 5, 6 ಮಿಲಿಮೀಟರಿಗೆ ಇಳಿದಾಗ ಒಂದು ಚೀಲದಂತಾಗುತ್ತದೆ. ಆ ಚೀಲದ ತಳಕ್ಕೆ ಬ್ರಷ್ಷೂ ತಲುಪದು, ಬಾಯಿ ಮುಕ್ಕಳಿಸುವ ನೀರೂ ತಲುಪದು.

ಅಲ್ಲಿಯ ಗಾರೆಯನ್ನೂ ಸೂಕ್ಷ್ಮಜೀವಿಗಳ ಪದರವನ್ನೂ ಬೇರಿನ ಮೇಲ್ಮೈಯಿಂದ ತೆಗೆದು ನಯಗೊಳಿಸುವುದೇ ಆಳವಾದ ಶುದ್ಧಿ. ವಸಡಿಗೆ ಮರವು ಬರುವ ಚುಚ್ಚುಮದ್ದು ಕೊಟ್ಟು, ಅತಿವೇಗವಾಗಿ ಕಂಪಿಸುವ ಯಂತ್ರದಿಂದಲೂ ಬಾಗಿದ ಕೈಸಾಧನಗಳಿಂದಲೂ ಈ ಕೆಲಸವನ್ನು ಮಾಡುತ್ತಾರೆ. ಬಾಯಿಯನ್ನು ಭಾಗಗಳಾಗಿ ವಿಂಗಡಿಸಿ ಎರಡರಿಂದ ನಾಲ್ಕು ಭೇಟಿಗಳಲ್ಲಿ ಮುಗಿಸುವುದು ವಾಡಿಕೆ.

‘ಹಲ್ಲು ಶುಚಿಮಾಡಿಸಿದರೆ ಸಡಿಲವಾಗುತ್ತದೆ’ ಎಂಬ ಭಯ ಉಡುಪಿಯಂತಹ ವಿದ್ಯಾವಂತರ ಊರಿನಲ್ಲಿಯೂ ಕೇಳಿಬರುತ್ತದೆ. ಈ ಭಯಕ್ಕೆ ಕಾರಣವಿಲ್ಲದಿಲ್ಲ. ಹಲ್ಲುಗಳ ಸಂದಿನಲ್ಲಿ ತುಂಬಿದ್ದ ಗಾರೆ ಹೋದಾಗ ಅಲ್ಲಿ ತೆರವು ಕಾಣಿಸುತ್ತದೆ. ಊದಿದ್ದ ವಸಡು ಇಳಿದು ಹಲ್ಲು ಉದ್ದವಾದಂತೆ ತೋರುತ್ತದೆ. ಕೆಲವು ದಿನ ತಣ್ಣೀರು ಸೋಕಿದರೆ ಜುಮ್ಮೆನ್ನುತ್ತದೆ. ಆದರೆ ಹಲ್ಲನ್ನು ಸಡಿಲಿಸಿದುದು ಶುದ್ಧಿಯಲ್ಲ. ಗಾರೆಯ ಮರೆಯಲ್ಲಿ ವರ್ಷಗಟ್ಟಲೆ ನಡೆದ ಎಲುಬಿನ ನಾಶ. ಶುದ್ಧಿಯಾದ ಮೇಲೆ ಕೆಲವು ವಾರಗಳಲ್ಲಿ ವಸಡು ಗಟ್ಟಿಯಾಗಿ ಬೇರನ್ನು ಅಪ್ಪಿಕೊಳ್ಳುತ್ತದೆ, ಚೀಲದ ಆಳ ತಗ್ಗುತ್ತದೆ. ಕಳೆದುಹೋದ ಎಲುಬು ಇದರಿಂದ ಬಹುಮಟ್ಟಿಗೆ ಮರಳಿ ಬಾರದು. ಆದ್ದರಿಂದಲೇ ಬೇಗ ಬರುವುದು ಲೇಸು.

ಔಷಧಿಯ ಸ್ಥಾನ

ಶುದ್ಧಿಯ ಬಳಿಕವೂ ಕೆಲವು ಆಳವಾದ ಚೀಲಗಳು ಮಾಯದೆ ಉಳಿಯುವುದುಂಟು. ಅಲ್ಲಿ ಆಂಟಿಬಯಾಟಿಕ್ ಔಷಧಿಯನ್ನು ನೇರವಾಗಿ ಇರಿಸುವ ವಿಧಾನ ಬಂದಿದೆ. ನುಂಗಿದ ಮಾತ್ರೆ ಇಡೀ ದೇಹವನ್ನು ಸುತ್ತಿ, ಅದರ ಅಲ್ಪಾಂಶ ಮಾತ್ರ ವಸಡನ್ನು ಸೇರುತ್ತದೆ. ಮೇಲಾಗಿ ಮಾತ್ರೆಗಳ ಅತಿಬಳಕೆಯಿಂದ ಔಷಧಿಗೆ ಬಗ್ಗದ ಜೀವಾಣುಗಳು ಹೆಚ್ಚುತ್ತವೆ. ರೋಗವಿರುವಲ್ಲಿಯೇ ಔಷಧಿಯನ್ನು ಇರಿಸಿದರೆ ಅತ್ಯಲ್ಪ ಪ್ರಮಾಣವೇ ಸಾಕು. ಆದರೆ ಚೀಲದೊಳಗಿಂದ ಸದಾ ಒಸರುವ ದ್ರವವು ಹಾಕಿದುದನ್ನೆಲ್ಲ ಬೇಗನೆ ತೊಳೆದುಬಿಡುತ್ತದೆ. ಹಾಗಾಗಿ ಔಷಧಿಯು ನಿಧಾನವಾಗಿ ಬಿಡುಗಡೆಯಾಗುವಂತೆ ಮಾಡುವುದೇ ಸಮಸ್ಯೆಯ ತಿರುಳಾಗಿತ್ತು.

1979ರಲ್ಲಿ ಅಮೆರಿಕದ ಗುಡ್‌ಸನ್ ಮತ್ತು ಸಂಗಡಿಗರು ಟೆಟ್ರಾಸೈಕ್ಲಿನ್ ತುಂಬಿದ ಸೂಕ್ಷ್ಮ ಎಳೆಗಳನ್ನು ಚೀಲದಲ್ಲಿರಿಸಿ ಈ ದಾರಿಯನ್ನು ತೆರೆದರು. ಮುಂದೆ 1998ರಲ್ಲಿ ಡಾಕ್ಸಿಸೈಕ್ಲಿನ್ ಲೇಪಕ್ಕೂ 2001ರಲ್ಲಿ 1 ಮಿಲಿಗ್ರಾಂ ಮಿನೋಸೈಕ್ಲಿನ್ ಅಡಗಿರುವ ಸೂಕ್ಷ್ಮಗೋಲಗಳ ಪುಡಿಗೂ ಅಮೆರಿಕದಲ್ಲಿ ಅನುಮತಿ ದೊರೆಯಿತು. ಇವು ತಾವಾಗಿ ಕರಗುತ್ತವೆ. ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳಲ್ಲಿ ಟೆಟ್ರಾಸೈಕ್ಲಿನ್ ಸೇರಿಸಿದ ಔಷಧಿ ಭಾರತದಲ್ಲಿಯೂ ತಯಾರಾಗುತ್ತದೆ.

ಇಷ್ಟರಿಂದ, ಶುದ್ಧಿಯ ತೊಂದರೆಯಿಲ್ಲದೆ ಔಷಧಿಯನ್ನಷ್ಟೇ ಹಾಕಿಸಿಕೊಂಡರೆ ಸಾಲದೇ ಎಂಬ ಪ್ರಶ್ನೆ ಏಳುವುದು ಸಹಜ. ಸಾಲದು. ಸೂಕ್ಷ್ಮಜೀವಿಗಳು ತಾವೇ ಕಟ್ಟಿಕೊಂಡ ಅಂಟಿನ ಕೋಟೆಯೊಳಗೆ ನೆಲಸಿರುತ್ತವೆ. ಆ ಕೋಟೆಯನ್ನು ಒಡೆಯದೆ ಔಷಧಿ ಒಳಹೊಗದು. ಒಡೆದ ಮೇಲೂ ಔಷಧಿಯಿಂದ ದೊರೆಯುವ ಹೆಚ್ಚಿನ ಲಾಭ ಸರಾಸರಿಯಲ್ಲಿ ಅರ್ಧ ಮಿಲಿಮೀಟರಿನ ಆಸುಪಾಸು, ಅನೇಕ ವೇಳೆ ಅದಕ್ಕಿಂತಲೂ ಕಡಿಮೆ. 2020ರಲ್ಲಿ ಪ್ರಕಟವಾದ ಯುರೋಪಿನ ತಜ್ಞರ ಮಾರ್ಗಸೂಚಿಯೂ ಇದನ್ನು ಶುದ್ಧಿಯ ಜೊತೆಗೆ ಪರಿಗಣಿಸಬಹುದಾದ ಸಹಾಯಕವೆಂದು ಹೇಳಿದೆಯೇ ಹೊರತು ಅವಶ್ಯವೆಂದಲ್ಲ. ಟೆಟ್ರಾಸೈಕ್ಲಿನ್ ವರ್ಗದ ಔಷಧಿ ಒಗ್ಗದವರು, ಗರ್ಭಿಣಿಯರು ವೈದ್ಯರಿಗೆ ಮೊದಲೇ ತಿಳಿಸತಕ್ಕದ್ದು.

ಕೊನೆಯ ಮಾತು ರೋಗಿಯದು

ಚಿಕಿತ್ಸೆ ಮುಗಿದ ಆರು ವಾರಗಳಿಂದ ಮೂರು ತಿಂಗಳೊಳಗೆ ವೈದ್ಯರು ಚೀಲಗಳನ್ನು ಮತ್ತೆ ಅಳೆಯುತ್ತಾರೆ. ಬಳಿಕ ಮೂರರಿಂದ ಆರು ತಿಂಗಳಿಗೊಮ್ಮೆ ಬರಬೇಕೆನ್ನುತ್ತಾರೆ. ರೋಗಿಗಳು ತಪ್ಪುವುದು ಇಲ್ಲಿಯೇ. ರಕ್ತ ನಿಂತಿತೆಂದು ಸುಮ್ಮನಾದರೆ ಪದರ ಮತ್ತೆ ಕಟ್ಟುತ್ತದೆ. ಮಧುಮೇಹವುಳ್ಳವರು ಎರಡು ಪಾಲು ಎಚ್ಚರದಿಂದಿರಬೇಕು: ಹತೋಟಿ ತಪ್ಪಿದ ಸಕ್ಕರೆ ವಸಡನ್ನು ಕೆಡಿಸುತ್ತದೆ, ಕೆಟ್ಟ ವಸಡು ಸಕ್ಕರೆಯ ಹತೋಟಿಯನ್ನು ಕಷ್ಟಗೊಳಿಸುತ್ತದೆ. ಮಾವಿನೆಲೆಯಿಂದಲೋ ಉಮಿಕರಿಯಿಂದಲೋ ಹಲ್ಲುಜ್ಜುತ್ತಿದ್ದ ಹಿರಿಯರ ನಿತ್ಯನಿಯಮ ದೊಡ್ಡದು. ಆದರೆ ಒರಟು ಪುಡಿ ಹಲ್ಲನ್ನು ಸವೆಸುತ್ತದೆ. ಆ ನಿಯಮವನ್ನು ಉಳಿಸಿಕೊಂಡು ಮೃದುವಾದ ಬ್ರಷ್ಷಿನಿಂದ ದಿನಕ್ಕೆರಡು ಬಾರಿ, ವಸಡಿನ ಅಂಚನ್ನು ಬಿಡದೆ ಉಜ್ಜುವುದು ಇಂದಿನ ಕ್ರಮ.

ಈ ಅಭ್ಯಾಸ ಬೇರೂರುವ ಕಾಲ ಬಾಲ್ಯ. ಮಗುವಿಗೆ ವಸಡಿನಲ್ಲಿ ರಕ್ತ ಬರುವುದು ರೋಗದ ಲಕ್ಷಣವೆಂದು ಅಧ್ಯಾಪಕರು ತಿಳಿಯಹೇಳಿದರೆ ಆ ಮಾತು ಮನೆಯನ್ನೂ ಮುಟ್ಟುತ್ತದೆ. ಕಾರ್ಕಳದಿಂದ ಮಣಿಪಾಲಕ್ಕೆ 30ಕ್ಕೂ ಹೆಚ್ಚು ಕಿಲೋಮೀಟರ್. ನಾಲ್ಕು ಭೇಟಿಯೆಂದರೆ ದಿನಗೂಲಿಯವನಿಗೆ ನಾಲ್ಕು ದಿನದ ಅನ್ನ. ಅಂತಹವರ ಪ್ರಯಾಣವೆಚ್ಚವನ್ನು ಹೊರುವ, ಶಾಲೆಗಳಲ್ಲಿ ವರ್ಷಕ್ಕೊಮ್ಮೆ ದಂತತಪಾಸಣೆಗೆ ನೆರವಾಗುವ ದಾನಿಗಳು ಎಲ್ಲ ಊರುಗಳಿಗೂ ಬೇಕು. ದುಬಾರಿಯಾದ ಔಷಧಿಗಿಂತಲೂ, ರೋಗಿ ಸಕಾಲದಲ್ಲಿ ಕುರ್ಚಿಯ ಮೇಲೆ ಬಂದು ಕೂರುವಂತೆ ಮಾಡುವ ಇಂತಹ ಸಹಾಯದಿಂದ ಹೆಚ್ಚು ಹಲ್ಲುಗಳು ಉಳಿಯುತ್ತವೆ.