ಸ್ಕೇಲ್ ವಿಮಾನವೋ, ಪಲ್ಟಿ ಹೊಡೆಯುವ ವಿಮಾನವೋ? ರಿಮೋಟ್ ವಿಮಾನ ಕೊಳ್ಳುವ ಮುನ್ನ ಇದನ್ನು ಓದಿ

ಮೊಬೈಲಿನಲ್ಲಿ ಎರಡು ಬಗೆಯ ವಿಡಿಯೋಗಳು ಸುತ್ತುತ್ತಲೇ ಇರುತ್ತವೆ. ಒಂದರಲ್ಲಿ ಅಸಲಿ ಯುದ್ಧವಿಮಾನದ ಪಡಿಯಚ್ಚಿನಂಥ ಪುಟ್ಟ ವಿಮಾನ ರನ್‌ವೇಯಿಂದ ಮೇಲೇರುತ್ತದೆ. ಇನ್ನೊಂದರಲ್ಲಿ ಬಣ್ಣದ ವಿಮಾನವೊಂದು ಮೂತಿ ಮೇಲೆ ಮಾಡಿಕೊಂಡು, ಗಾಳಿಯಲ್ಲಿ ಕಟ್ಟಿ ನೇತುಹಾಕಿದಂತೆ ನಿಂತುಬಿಡುತ್ತದೆ. ಮೊದಲನೆಯದು ಸ್ಕೇಲ್ ಮಾದರಿ, ಎರಡನೆಯದು ಏರೋಬ್ಯಾಟಿಕ್ ಮಾದರಿ. ನೋಡಿದವರಿಗೆ ಆಸೆ ಹುಟ್ಟುವುದು ಸಹಜ. ಆದರೆ ವಿಡಿಯೋ ನೋಡಿ ಕೊಂಡ ವಿಮಾನ ಮೊದಲ ದಿನವೇ ಪುಡಿಯಾಗುವುದೂ ಅಷ್ಟೇ ಸಾಮಾನ್ಯ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯಲ್ಲಿ ಹಾರಿಸುವವರಿಗೆ ಈ ಎರಡರಲ್ಲಿ ಯಾವುದು ಸರಿ? ಜನ ನಂಬಿರುವ ನಾಲ್ಕು ಮಾತುಗಳನ್ನು ಒಂದೊಂದಾಗಿ ನೋಡೋಣ.

ನಂಬಿಕೆ 1: ಅಸಲಿಯಂತೆ ಕಂಡರೆ ಅಸಲಿಯಂತೆಯೇ ಹಾರುತ್ತದೆ

ಇದು ತಪ್ಪು. ವಿಮಾನವನ್ನು ಕುಗ್ಗಿಸಬಹುದು, ಗಾಳಿಯನ್ನು ಕುಗ್ಗಿಸಲಾಗದು.

ಬೆಂಗಳೂರಿನ ಎಚ್‌ಎಎಲ್ ತಯಾರಿಸಿದ, 1951ರಲ್ಲಿ ಮೊದಲು ಹಾರಿದ ಎಚ್‌ಟಿ-2 ತರಬೇತಿ ವಿಮಾನವನ್ನೇ ತೆಗೆದುಕೊಳ್ಳಿ. ಅದರ ರೆಕ್ಕೆಯ ಅಗಲ ಸುಮಾರು 10.7 ಮೀಟರ್, ತೂಕ ಸುಮಾರು ಒಂದು ಟನ್. ಅದನ್ನು ಏಳರಲ್ಲಿ ಒಂದು ಪಾಲಿಗೆ ಇಳಿಸಿದರೆ ರೆಕ್ಕೆ ಒಂದೂವರೆ ಮೀಟರ್ ಆಗುತ್ತದೆ. ರೆಕ್ಕೆಯ ವಿಸ್ತೀರ್ಣ 49ರಲ್ಲಿ ಒಂದು ಪಾಲು. ತೂಕವೂ ಅದೇ ಅನುಪಾತದಲ್ಲಿ ಇಳಿದರೆ 343ರಲ್ಲಿ ಒಂದು ಪಾಲು, ಅಂದರೆ ಸುಮಾರು 3 ಕಿಲೋ.

ವೇಗ ಮಾತ್ರ ಏಳರಲ್ಲಿ ಒಂದು ಪಾಲಿಗೆ ಇಳಿಯುವುದಿಲ್ಲ. ದೊಡ್ಡ ವಿಮಾನ ಗಂಟೆಗೆ 100 ಕಿ.ಮೀ. ವೇಗದಲ್ಲಿ ನೆಲಕ್ಕಿಳಿಯುತ್ತದೆ ಎಂದಿಟ್ಟುಕೊಳ್ಳಿ. ಮಾದರಿಯ ಇಳಿಯುವ ವೇಗವೂ 14 ಕಿ.ಮೀ. ಆಗಿದ್ದರೆ ಕಣ್ಣಿಗೆ ಅಸಲಿಯಂತೆ ಕಾಣುತ್ತಿತ್ತು. ಆದರೆ ಗಾಳಿಯಲ್ಲಿ ನಿಲ್ಲಲು ಅದಕ್ಕೆ ಸುಮಾರು 38 ಕಿ.ಮೀ. ವೇಗ ಬೇಕೇ ಬೇಕು. ಪೈಲಟ್ ಗೊಂಬೆ, ಮಡಚುವ ಚಕ್ರ, ದೀಪ ಎಂದು 600 ಗ್ರಾಂ ಸೇರಿಸಿದರೆ ಆ ವೇಗ ಇನ್ನೂ ಶೇ. 10ರಷ್ಟು ಏರುತ್ತದೆ.

ಇನ್ನೊಂದು ತೊಡಕಿದೆ. ಚಿಕ್ಕ ರೆಕ್ಕೆಗೆ ಗಾಳಿ ಹೆಚ್ಚು ಅಂಟಂಟಾಗಿ ವರ್ತಿಸುತ್ತದೆ. ವೇಗ ಕಡಿಮೆಯಾದಾಗ ಮೂತಿ ತುಸು ಎತ್ತಿದರೂ ರೆಕ್ಕೆ ತೇಲುವ ಶಕ್ತಿಯನ್ನು ಬಿಟ್ಟುಕೊಡುತ್ತದೆ. ಇದಕ್ಕೆ ಸ್ಟಾಲ್ ಎನ್ನುತ್ತಾರೆ. ಹಳೆಯ ಯುದ್ಧವಿಮಾನಗಳಂತೆ ತುದಿ ಚೂಪಾದ ರೆಕ್ಕೆಯಾದರೆ ಒಂದು ತುದಿ ಮೊದಲು ಸೋತು, ವಿಮಾನ ಆ ಕಡೆಗೆ ಮಗುಚಿ ತಿರುಗುತ್ತಾ ಬೀಳುತ್ತದೆ. ತೇಜಸ್‌ನ ಕಥೆ ಇನ್ನೂ ಸ್ವಾರಸ್ಯ. ಅಸಲಿ ತೇಜಸ್ ತಾನಾಗಿ ಸ್ಥಿರವಾಗಿ ಹಾರುವ ವಿಮಾನವೇ ಅಲ್ಲ, ಕಂಪ್ಯೂಟರ್ ಕ್ಷಣಕ್ಷಣವೂ ಅದನ್ನು ಸರಿಪಡಿಸುತ್ತಿರುತ್ತದೆ. ಮಾದರಿ ಕಟ್ಟುವವರು ಭಾರವನ್ನು ಮೂತಿಯ ಕಡೆಗೆ ಸರಿಸಿ ಅದನ್ನು ಸ್ಥಿರಗೊಳಿಸಬೇಕಾಗುತ್ತದೆ.

ನಂಬಿಕೆ 2: ಪಲ್ಟಿ ಹೊಡೆಯುವ ವಿಮಾನ ಕೈಗೆ ಸಿಗುವುದಿಲ್ಲ

ಇದು ಅರ್ಧ ಸತ್ಯ. ಏರೋಬ್ಯಾಟಿಕ್ ವಿಮಾನ ತುಂಟ ಅಲ್ಲ, ಅತಿ ವಿಧೇಯ. ಅದರ ರೆಕ್ಕೆ ಮೇಲೂ ಕೆಳಗೂ ಒಂದೇ ಆಕಾರದಲ್ಲಿರುತ್ತದೆ, ಹೀಗಾಗಿ ತಲೆಕೆಳಗಾದರೂ ಅಷ್ಟೇ ಚೆನ್ನಾಗಿ ಹಾರುತ್ತದೆ. ರೆಕ್ಕೆ ಮತ್ತು ಬಾಲದ ತಿರುಗುವ ಹಲಗೆಗಳು ದೊಡ್ಡವು. ಗಾಳಿಯಲ್ಲಿ ನೇತಾಡುವ ಮಾದರಿಗಳಲ್ಲಿ ಪ್ರೊಪೆಲ್ಲರ್ ಎಳೆಯುವ ಬಲ ವಿಮಾನದ ತೂಕಕ್ಕಿಂತ ಹೆಚ್ಚು, ನೇತಾಡುವ ಗುಟ್ಟು ಇದೇ.

ಕಲಿಕೆಯ ವಿಮಾನದಲ್ಲಿ ರೆಕ್ಕೆ ಮೇಲ್ಗಡೆ ಇರುತ್ತದೆ, ಸ್ವಲ್ಪ ಬಿಡಿಸಿಟ್ಟ ಪುಸ್ತಕದ ಹಾಗೆ ಎರಡೂ ತುದಿ ಮೇಲಕ್ಕೆ ಬಾಗಿರುತ್ತದೆ. ಸ್ಟಿಕ್ ಬಿಟ್ಟರೆ ಅದು ಮೆಲ್ಲಗೆ ತಾನೇ ಸಮಕ್ಕೆ ಬರುತ್ತದೆ. ಏರೋಬ್ಯಾಟಿಕ್ ವಿಮಾನ ಹಾಗಲ್ಲ. ಓರೆಯಾಗಿ ಬಿಟ್ಟರೆ ಓರೆಯಾಗಿಯೇ ಹೋಗುತ್ತದೆ. ನಿಮ್ಮ ತಪ್ಪನ್ನೂ ಚಾಚೂತಪ್ಪದೆ ಪಾಲಿಸುತ್ತದೆ.

ಹಾಗಾಗಿ ಮೊದಲ ವಿಮಾನವಾಗಿ ಎರಡೂ ಬೇಡ ಎಂದೇ ನಾವು ಹೇಳುತ್ತೇವೆ. ಫೋಮ್‌ನ, ರೆಕ್ಕೆ ಮೇಲಿರುವ ಕಲಿಕೆಯ ವಿಮಾನದಿಂದ ಶುರು ಮಾಡಿ. ಅದಕ್ಕೂ ಮೊದಲು ಕಂಪ್ಯೂಟರ್ ಸಿಮ್ಯುಲೇಟರ್‌ನಲ್ಲಿ ಕೈ ಪಳಗಿಸಿ. ವಿಮಾನ ನಿಮ್ಮತ್ತ ಬರುವಾಗ ಎಡ ಬಲ ಅದಲುಬದಲಾದಂತೆ ಕಾಣುತ್ತದೆ, ಹೊಸಬರು ಎಡವುವುದು ಇಲ್ಲಿಯೇ. ಯಾವ ರೆಕ್ಕೆ ತಗ್ಗಿದೆಯೋ ಆ ಕಡೆಗೆ ಸ್ಟಿಕ್ ತಳ್ಳಿ, ಅದು ಮೇಲೇಳುತ್ತದೆ. ಈ ಒಂದು ಸೂತ್ರ ಎಷ್ಟೋ ವಿಮಾನಗಳನ್ನು ಉಳಿಸುತ್ತದೆ.

ನಂಬಿಕೆ 3: ಗೊಂಬೆ ಮಾಡುವ ಮರವಿದ್ದರೆ ವಿಮಾನವೂ ಆದೀತು

ಚನ್ನಪಟ್ಟಣದಲ್ಲಿ ಕೇಳಬೇಕಾದ ಪ್ರಶ್ನೆಯೇ ಇದು. ಗೊಂಬೆಗೆ ಬಳಸುವ ಆಲೆ ಮರ ಲೇತ್‌ನಲ್ಲಿ ಕಡೆಯಲು, ಅರಗಿನ ಬಣ್ಣ ಹಚ್ಚಲು ಹೇಳಿಮಾಡಿಸಿದ್ದು. ಆದರೆ ಮಾದರಿ ವಿಮಾನಕ್ಕೆ ಬಳಸುವ ಬಾಲ್ಸಾ ಮರದ ತೂಕ ಘನ ಮೀಟರಿಗೆ ಸುಮಾರು 160 ಕಿಲೋ ಮಾತ್ರ. ಆಲೆ ಮರ ಅದಕ್ಕಿಂತ ಹಲವು ಪಟ್ಟು ಭಾರ. ಮೇಜಿನ ಮೇಲೆ ಇಡುವ ವಿಮಾನಕ್ಕೆ ಆಲೆ ಮರ, ಹಾರುವುದಕ್ಕೆ ಬಾಲ್ಸಾ ಅಥವಾ ಫೋಮ್.

ನಂಬಿಕೆ 4: ಆಟಿಕೆ ತಾನೇ, ಎಲ್ಲಿ ಬೇಕಾದರೂ ಹಾರಿಸಬಹುದು

ಇದು ಅಪಾಯದ ಮಾತು. 3 ಕಿಲೋ ತೂಕದ ವಿಮಾನ ಗಂಟೆಗೆ 60 ಕಿ.ಮೀ. ವೇಗದಲ್ಲಿ ಯಾರಿಗಾದರೂ ಬಡಿದರೆ, 14 ಮೀಟರ್ ಎತ್ತರದ ತೆಂಗಿನ ಮರದ ತುದಿಯಿಂದ 3 ಕಿಲೋ ಭಾರ ತಲೆಯ ಮೇಲೆ ಬಿದ್ದಷ್ಟು ಪೆಟ್ಟು. ತಿರುಗುವ ಪ್ರೊಪೆಲ್ಲರ್ ಬೆರಳನ್ನೇ ಕತ್ತರಿಸಬಲ್ಲದು.

2021ರ ಡ್ರೋನ್ ನಿಯಮಗಳು ರಿಮೋಟ್ ವಿಮಾನಗಳಿಗೂ ಅನ್ವಯಿಸುತ್ತವೆ. ಹಸಿರು ವಲಯದಲ್ಲಿ ಸಾಮಾನ್ಯ ಮಿತಿ 400 ಅಡಿ ಎತ್ತರ, ವಿಮಾನ ನಿಮ್ಮ ಕಣ್ಣಳತೆಯಲ್ಲೇ ಇರಬೇಕು. 2 ಕಿಲೋ ಒಳಗಿನದನ್ನು ಹವ್ಯಾಸಕ್ಕಾಗಿ ಹಾರಿಸಲು ರಿಮೋಟ್ ಪೈಲಟ್ ಪ್ರಮಾಣಪತ್ರ ಬೇಡ. ಮೇಲೆ ಹೇಳಿದ ಎಚ್‌ಟಿ-2 ಮಾದರಿ ಈ ಗೆರೆ ದಾಟುತ್ತದೆ! ಕೊಳ್ಳುವ ಮೊದಲೇ ತೂಕ ನೋಡಿ, ನೋಂದಣಿಯ ನಿಯಮವನ್ನೂ ವಲಯದ ನಕ್ಷೆಯನ್ನೂ ಪರಿಶೀಲಿಸಿ.

ನಮ್ಮ ಸೀಮೆಯಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ರಾಮದೇವರ ಬೆಟ್ಟ 2012ರಲ್ಲಿ ರಣಹದ್ದು ಧಾಮವಾಗಿದೆ. ಅಳಿವಿನಂಚಿನಲ್ಲಿರುವ ಉದ್ದ ಕೊಕ್ಕಿನ ರಣಹದ್ದು ಅಲ್ಲಿನ ಬಂಡೆಗಳಲ್ಲಿ ಗೂಡು ಕಟ್ಟುತ್ತದೆ, ಸಲಕ್ಕೆ ಇಡುವುದು ಒಂದೇ ಮೊಟ್ಟೆ. ಸದ್ದಿಗೆ ಬೆದರಿ ಗೂಡು ಬಿಟ್ಟರೆ ಆ ವರ್ಷದ ಮರಿ ಹೋದಂತೆ. ಆ ಸುತ್ತಮುತ್ತ ಹಾರಿಸಲೇಬೇಡಿ.

ಬೆಟ್ಟದ ಬುಡದ ಗಾಳಿಯೂ ಹವ್ಯಾಸಿಗೆ ಒಳ್ಳೆಯದಲ್ಲ. ಬಿಸಿಲೇರಿದಂತೆ ಬಂಡೆ ಕಾದು ಗಾಳಿ ಮೇಲೆದ್ದು ಸುಳಿಯುತ್ತದೆ. ಹದ್ದುಗಳು ರೆಕ್ಕೆ ಬಡಿಯದೆ ಮೇಲೇರುವುದು ಅದರಲ್ಲೇ, ಹಗುರ ಫೋಮ್ ವಿಮಾನ ತರಗೆಲೆಯಂತೆ ತೂರಾಡುವುದೂ ಅದರಲ್ಲೇ. ಬೆಳಗಿನ ತಂಪು ಹೊತ್ತು ಉತ್ತಮ. ಜೂನ್‌ನಿಂದ ಆಗಸ್ಟ್‌ವರೆಗಿನ ಮುಂಗಾರು ಗಾಳಿಯಲ್ಲಿ ಹೊಸಬರು ಹಾರಿಸದಿರುವುದೇ ಲೇಸು.

ಹಾಗಾದರೆ ಯಾವುದನ್ನು ಆರಿಸಬೇಕು?

ಕಲಿಕೆಯ ವಿಮಾನದಲ್ಲಿ ಹತ್ತಾರು ಬಾರಿ ಸರಿಯಾಗಿ ಇಳಿಸಿದ ಮೇಲೆ ಈ ಮೂರು ಪ್ರಶ್ನೆ ಕೇಳಿಕೊಳ್ಳಿ.

ನಿಮಗೆ ಖುಷಿ ಎಲ್ಲಿದೆ? ಸಂಜೆಯೆಲ್ಲ ಕೂತು ಅಂಟಿಸುವುದು, ಬಣ್ಣ ಹಚ್ಚುವುದು, ಹಳೆಯ ಚಿತ್ರ ಹುಡುಕುವುದು ಇಷ್ಟವಾದರೆ ಸ್ಕೇಲ್. ಒಂದೇ ಪಲ್ಟಿಯನ್ನು ಐವತ್ತು ಸಲ ತಿದ್ದುವುದು ಇಷ್ಟವಾದರೆ ಏರೋಬ್ಯಾಟಿಕ್.

ಜಾಗ ಎಷ್ಟಿದೆ? ಸ್ಕೇಲ್ ವಿಮಾನಕ್ಕೆ ಉದ್ದನೆಯ ಸಮತಟ್ಟು ನೆಲ ಬೇಕು. ತೆಂಗಿನ ತೋಟ, ಕರೆಂಟ್ ತಂತಿಗಳ ನಡುವಿನ ಹೊಲದಲ್ಲಿ ಅದು ಆಗದ ಮಾತು. ಹಗುರ ಫೋಮ್ ಏರೋಬ್ಯಾಟಿಕ್‌ಗೆ ಒಕ್ಕಣೆ ಮುಗಿದ ಒಂದು ರಾಗಿ ಹೊಲವೂ ಸಾಲಬಹುದು, ಹೊಲದವರನ್ನು ಕೇಳಿಕೊಂಡು. ಹಿಪ್ಪುನೇರಳೆ ತೋಟದ ಪಕ್ಕ ಬೇಡ, ಬಿದ್ದ ವಿಮಾನ ಹುಡುಕುವಾಗ ತುಳಿಯುವುದು ಇನ್ನೊಬ್ಬರ ರೇಷ್ಮೆ ಹುಳುವಿನ ಮೇವನ್ನು.

ಬಿದ್ದರೆ ತಡೆಯುತ್ತೀರಾ? ಫೋಮ್ ವಿಮಾನ ಮುರಿದರೆ ಅಂಟು ಹಚ್ಚಿ ಮರುದಿನ ಹಾರಿಸಬಹುದು. ಸ್ಕೇಲ್ ಮಾದರಿ ಬಿದ್ದರೆ ತಿಂಗಳುಗಳ ಕೆಲಸ ಒಂದು ಕ್ಷಣದಲ್ಲಿ ಹೋಗುತ್ತದೆ.

ಎರಡೂ ಬೇಕೆನ್ನುವವರಿಗೆ ನಡುದಾರಿಯಿದೆ. ಪೈಪರ್ ಕಬ್‌ನಂಥ ಮೇಲ್ರೆಕ್ಕೆಯ ಸ್ಕೇಲ್ ಮಾದರಿ ಸಾಧು ಸ್ವಭಾವದ್ದು. ಎಕ್ಸ್‌ಟ್ರಾ 300 ಅಸಲಿಯಲ್ಲೇ ಪಲ್ಟಿ ಹೊಡೆಯುವ ವಿಮಾನ, ಅದರ ಮಾದರಿಯಲ್ಲಿ ರೂಪವೂ ಇದೆ, ಆಟವೂ ಇದೆ.

ಮುಂದಿನ ಸಲ "ಮಕ್ಕಳೂ ಹಾರಿಸಬಹುದು" ಎಂಬ ವಿಡಿಯೋ ಬಂದರೆ, ಫಾರ್ವರ್ಡ್ ಮಾಡುವ ಮೊದಲು ಮೂರು ವಿಷಯ ನೋಡಿ: ರೆಕ್ಕೆ ಎಲ್ಲಿದೆ, ತೂಕ ಎಷ್ಟು, ಹಾರಿಸುತ್ತಿರುವ ಜಾಗ ಎಂಥದ್ದು. ರಜೆಗೆ ಮಗುವಿಗೆ ವಿಮಾನ ಕೊಡಿಸಲು ಹೊರಟ ಗೆಳೆಯರಿದ್ದರೆ, ವಿಡಿಯೋ ಜೊತೆಗೆ ಈ ಲೇಖನವನ್ನೂ ಕಳಿಸಿ.