ದೊಡ್ಡ ಬ್ರೇಕಿಗೆ ತಕ್ಕ ಪ್ಯಾಡ್ ಯಾವುದು?

ಓಡುವ ಕಾರಿಗೆ ಬ್ರೇಕು ಹಾಕುವುದೆಂದರೆ ಅದರ ಚಲನಶಕ್ತಿಯನ್ನು ಉಷ್ಣವಾಗಿ ಮಾರ್ಪಡಿಸುವುದೇ ಆಗಿದೆ. 1,200 ಕಿಲೋಗ್ರಾಂ ತೂಕದ ಕಾರೊಂದು ಗಂಟೆಗೆ 100 ಕಿಲೋಮೀಟರ್ ವೇಗದಿಂದ ಓಡುತ್ತಿದೆಯೆನ್ನೋಣ. ಅದರ ಚಲನಶಕ್ತಿ ಸುಮಾರು 4,63,000 ಜೂಲ್. ಇದರ ಶೇಕಡಾ 70ರಷ್ಟು ಮುಂದಿನ ಎರಡು ಡಿಸ್ಕುಗಳ ಪಾಲಿಗೆ ಬಂದು, ಅಲ್ಲಿಯೇ ಉಳಿಯಿತೆಂದು ಭಾವಿಸಿರಿ. ಎರಕದ ಕಬ್ಬಿಣದ ಡಿಸ್ಕು ಒಂದೊಂದೂ 7 ಕಿಲೋಗ್ರಾಂ ಇದ್ದರೆ, ಒಮ್ಮೆ ಕಾರು ನಿಲ್ಲುವಷ್ಟರಲ್ಲಿ ಅದರ ಉಷ್ಣತೆ ಸುಮಾರು 50 ಡಿಗ್ರಿ ಸೆಲ್ಸಿಯಸ್ ಏರುತ್ತದೆ. 10 ಕಿಲೋಗ್ರಾಂ ಇದ್ದರೆ ಸುಮಾರು 35 ಡಿಗ್ರಿ ಮಾತ್ರ.

ದೊಡ್ಡ ಡಿಸ್ಕು ಅಷ್ಟಾಗಿ ಕಾಯದು. ಪ್ಯಾಡನ್ನು ಆರಿಸುವಾಗ ಮರೆಯಬಾರದ ಅಂಶವೇ ಇದು. ಪಂದ್ಯದ ಕಾರುಗಳ ಪ್ಯಾಡುಗಳು ನೂರಾರು ಡಿಗ್ರಿ ಕಾವಿನಲ್ಲಿಯೂ ಹಿಡಿತ ಬಿಡದಂತೆ ರಚಿತವಾಗಿವೆ. ಆದರೆ ಅವುಗಳಲ್ಲಿ ಅನೇಕವು ತಣ್ಣಗಿರುವಾಗ ಚೆನ್ನಾಗಿ ಹಿಡಿಯಲಾರವು. ಊರಿನ ಬೀದಿಯಲ್ಲಿ, ದೊಡ್ಡ ಡಿಸ್ಕಿನೊಡನೆ, ಅಂಥ ಪ್ಯಾಡು ತನಗೆ ಬೇಕಾದ ಕಾವನ್ನು ಮುಟ್ಟುವುದೇ ಅಪರೂಪ. ಮನೆಯಿಂದ ಹೊರಟೊಡನೆ ಮಗುವೊಂದು ಅಡ್ಡ ಬಂದರೆ, ಮೊದಲ ತುಳಿತಕ್ಕೇ ಕಾರು ನಿಲ್ಲಬೇಕಲ್ಲವೆ?

ಅಮೆರಿಕದ ಪದ್ಧತಿಯಂತೆ ಪ್ಯಾಡಿನ ಮೇಲೆ ಎರಡು ಅಕ್ಷರಗಳನ್ನು ಮುದ್ರಿಸುವರು. ಮೊದಲನೆಯದು ಸಾಧಾರಣ ಉಷ್ಣತೆಯಲ್ಲಿನ ಘರ್ಷಣಾಂಕವನ್ನೂ ಎರಡನೆಯದು ಹೆಚ್ಚು ಕಾದಾಗಿನ ಘರ್ಷಣಾಂಕವನ್ನೂ ಸೂಚಿಸುತ್ತದೆ. ‘ಇ’ ಎಂದರೆ 0.25ರಿಂದ 0.35, ‘ಎಫ್’ ಎಂದರೆ 0.35ರಿಂದ 0.45. ಮೊದಲನೆಯದು ‘ಎಫ್’, ಎರಡನೆಯದು ‘ಇ’ ಆಗಿದ್ದರೆ, ಕಾದಾಗ ಹಿಡಿತ ಕುಗ್ಗುವುದೆಂದು ತಿಳಿಯಬೇಕು.

ಹಾಗೆಂದು ಘರ್ಷಣಾಂಕ ಹೆಚ್ಚಿದಷ್ಟೂ ಒಳ್ಳೆಯದೆಂದಲ್ಲ. ಕಾರನ್ನು ಕೊನೆಗೆ ತಡೆಯುವುದು ಟೈರಿಗೂ ರಸ್ತೆಗೂ ನಡುವಣ ಘರ್ಷಣೆ. ಮುಂದಿನ ಬ್ರೇಕು ಮಾತ್ರ ಅತಿ ಬಲವಾದರೆ ಮುಂದಿನ ಟೈರುಗಳು ಬೇಗನೆ ಜಾರತೊಡಗುವುವು. ಹಿಂದಿನವುಗಳ ಸಾಮರ್ಥ್ಯ ವ್ಯರ್ಥವಾಗುವುದು. ಆದುದರಿಂದ ತಣ್ಣಗಿರುವಾಗಲೂ ಹಿಡಿಯುವ, ಘಟ್ಟ ಇಳಿಯುವಾಗಲೂ ಸೋಲದ ಪ್ಯಾಡೇ ಬೀದಿಯ ಕಾರಿಗೆ ತಕ್ಕುದು.