ಮೇಜು ಒರೆಸಿದವರ ಹೆಸರೂ ಬೇಕು

ಮೀನಿನ ಹೊಟ್ಟೆ ಸೀಳುವಾಗ ಕಿವಿಗೆ ಇಯರ್‌ಫೋನ್ ಹಾಕಿಕೊಳ್ಳುವಂತಿಲ್ಲ. ಕೆನಡಾದ ಪೂರ್ವ ತುದಿಯ ನ್ಯೂಫೌಂಡ್‌ಲ್ಯಾಂಡ್ ದ್ವೀಪದಲ್ಲಿ, ಸೇಂಟ್ ಜಾನ್ಸ್ ನಗರದ ಮೆಮೋರಿಯಲ್ ವಿಶ್ವವಿದ್ಯಾಲಯದ ಒಂದು ಲ್ಯಾಬಿನ ನಿಯಮವಿದು. ನಾರುವ ಕರುಳನ್ನು ಕೂತು ತೊಳೆಯುವ ಕೆಲಸ. ಹಾಡು ಕೇಳುತ್ತ ಮಾಡಿದರೆ ಬೇಸರವಾದರೂ ಕಳೆಯುತ್ತಿತ್ತು ಎಂದು ಯಾರಿಗಾದರೂ ಅನ್ನಿಸೀತು. ಆದರೆ ಸತ್ತ ಪ್ರಾಣಿ ಕೈಯಲ್ಲಿರುವಾಗ ಗಮನವೂ ಅಲ್ಲೇ ಇರಬೇಕು, ಅಷ್ಟು ಮರ್ಯಾದೆ ಆ ಜೀವಕ್ಕೆ ಸಲ್ಲಬೇಕು ಎನ್ನುವುದು ಇಲ್ಲಿಯವರ ನಿಲುವು.

ಲ್ಯಾಬಿನ ಪೂರ್ತಿ ಹೆಸರು ಉದ್ದವಿದೆ; ಎಲ್ಲರೂ ಕರೆಯುವುದು ‘ಕ್ಲಿಯರ್’ ಎಂದು. ಇದನ್ನು ಕಟ್ಟಿದವರು ಅಲ್ಲಿ ಭೂಗೋಳಶಾಸ್ತ್ರ ಕಲಿಸುವ ಮ್ಯಾಕ್ಸ್ ಲಿಬ್ವಾರೋನ್. ಅವರು ಆಲ್ಬರ್ಟಾ ಪ್ರಾಂತ್ಯದ ಮೇಟಿ ಎಂಬ ಮೂಲನಿವಾಸಿ ಸಮುದಾಯದವರು. ಜನ ತಿನ್ನುವ ಮೀನಿನ ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಎಷ್ಟಿದೆ ಎಂದು ಹುಡುಕುವುದು ಇಲ್ಲಿನ ಮುಖ್ಯ ಕೆಲಸ. ತಮ್ಮದು ಸ್ತ್ರೀವಾದಿ, ವಸಾಹತುಶಾಹಿ ವಿರೋಧಿ ಲ್ಯಾಬ್ ಎಂದು ಅವರೇ ಹೇಳಿಕೊಳ್ಳುತ್ತಾರೆ. ಇಂಥ ಮಾತು ಕೇಳಿದರೆ ಗೋಡೆಗೆ ಅಂಟಿಸಿದ ಘೋಷಣೆ ನೆನಪಾಗುವುದು ಸಹಜ. ಇಲ್ಲಿ ಮಾತ್ರ ಅದು ದಿನದ ಕೆಲಸಕ್ಕೆ ಇಳಿದಿದೆ: ಯಾವ ರಾಸಾಯನಿಕ ಮುಟ್ಟಬೇಕು, ಸಭೆಯಲ್ಲಿ ಹೇಗೆ ಮಾತಾಡಬೇಕು, ಪ್ರಬಂಧದ ಮೇಲೆ ಯಾರ ಹೆಸರು ಎಲ್ಲಿ ಬರಬೇಕು, ಎಲ್ಲಕ್ಕೂ ಬರೆದಿಟ್ಟ ಕ್ರಮವಿದೆ. ಒಳ್ಳೆಯತನವನ್ನು ಪ್ರೊಫೆಸರ್ ಸಾಹೇಬರ ಸ್ವಭಾವಕ್ಕೆ ಬಿಟ್ಟಿಲ್ಲ.

ಹೆಸರಿನ ವಿಷಯವನ್ನೇ ನೋಡಿ. ಸಂಶೋಧನೆ ಮಾಡಿದವರಿಗೆಲ್ಲ ಗೊತ್ತು, ಪ್ರಬಂಧದ ಮೇಲೆ ನಿಮ್ಮ ಹೆಸರು ಎಷ್ಟನೆಯದು ಎಂಬುದರ ಮೇಲೆ ಮುಂದಿನ ಫೆಲೋಶಿಪ್ಪು, ನೌಕರಿ ಎಲ್ಲ ನಿಂತಿರುತ್ತದೆ. ನಮ್ಮ ಕಡೆ ಸಾಮಾನ್ಯವಾಗಿ ಗೈಡ್ ಹೇಳಿದ್ದೇ ಅಂತಿಮ. ಅಸಮಾಧಾನವಿದ್ದವರು ಕ್ಯಾಂಟೀನಿನಲ್ಲಿ ಗೊಣಗಿಕೊಳ್ಳುತ್ತಾರೆ. ಕ್ಲಿಯರ್‌ನಲ್ಲಿ ಇದಕ್ಕೆಂದೇ ಸಭೆ ಸೇರುತ್ತಾರೆ. ಯಾರು ಏನೇನು ಮಾಡಿದರು ಎಂದು ಮೊದಲು ಪಟ್ಟಿಯಾಗುತ್ತದೆ. ಮಾದರಿ ತಂದವರು, ಮೈಕ್ರೋಸ್ಕೋಪಿನ ಮುಂದೆ ಕೂತವರು, ಬರೆದವರು ಮಾತ್ರವಲ್ಲ, ಮೇಜು ಒರೆಸಿದವರು, ಸಭೆಯ ಟಿಪ್ಪಣಿ ಬರೆದವರು, ಹೊಸಬರಿಗೆ ಕೆಲಸ ಕಲಿಸಿದವರು ಕೂಡ ಆ ಪಟ್ಟಿಯಲ್ಲಿರುತ್ತಾರೆ. ಬಗೆಬಗೆಯ ಕೆಲಸಗಳನ್ನು ಗುಂಪು ಮಾಡಿ, ಯಾವ ಗುಂಪು ಮೊದಲು, ಅದರೊಳಗೆ ಯಾರು ಮೊದಲು ಎಂದು ಎಲ್ಲರೂ ಒಪ್ಪುವ ತನಕ ಮಾತುಕತೆ ನಡೆಯುತ್ತದೆ. ಮತಕ್ಕೆ ಹಾಕಿ ಮುಗಿಸುವುದಿಲ್ಲ. ಇಬ್ಬರದ್ದೂ ಸಮಸಮ ಎನ್ನಿಸಿದಾಗ ಚೀಟಿ ಎತ್ತುವುದೂ ಇಲ್ಲ. ಲಿಂಗ, ಜನಾಂಗ, ಹುದ್ದೆ ಇತ್ಯಾದಿ ಕಾರಣಗಳಿಂದ ಮನ್ನಣೆ ಕಡಿಮೆ ಸಿಗುತ್ತ ಬಂದವರು ಯಾರು ಎಂದು ಕೇಳಿಕೊಳ್ಳುತ್ತಾರೆ. ಈ ಪದ್ಧತಿಯನ್ನೇ ವಿವರಿಸಿ 2017ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು.

ವಿಜ್ಞಾನದಲ್ಲಿ ಇದೆಂಥ ಮೀಸಲಾತಿ ಎಂದು ಮೂಗು ಮುರಿಯುವವರು ಇದ್ದೇ ಇರುತ್ತಾರೆ. ಹಳೆಯ ಕ್ರಮದಲ್ಲೂ ಇವೆಲ್ಲ ಲೆಕ್ಕಕ್ಕೆ ಬರುತ್ತಲೇ ಇದ್ದವು, ಬಾಯಿಬಿಟ್ಟು ಹೇಳುತ್ತಿರಲಿಲ್ಲ ಅಷ್ಟೆ. ಹೊತ್ತು ಹಿಡಿಯುತ್ತದೆ ಎಂಬ ದೂರು ಬೇರೆ, ಅದು ನಿಜ. ದೊಡ್ಡ ತಂಡಗಳಿಗೆ ಇದು ಹೀಗೆಯೇ ಒಗ್ಗುತ್ತದೆಂದು ನನಗೂ ಅನ್ನಿಸುವುದಿಲ್ಲ.

ವಾರದ ಸಭೆಗಳಲ್ಲೂ ಸರದಿಯ ಪದ್ಧತಿ. ಸುತ್ತು ಕೂತವರು ಒಬ್ಬರಾದ ಮೇಲೆ ಒಬ್ಬರು ಮಾತಾಡುತ್ತಾರೆ, ನಡುವೆ ಬಾಯಿ ಹಾಕುವಂತಿಲ್ಲ. ದೊಡ್ಡ ದನಿಯವರು ಕಾಯುವುದನ್ನು ಕಲಿಯುತ್ತಾರೆ. ನೆನ್ನೆ ಸೇರಿದ ಪದವಿ ವಿದ್ಯಾರ್ಥಿಗೂ ಪ್ರೊಫೆಸರ್‌ಗೂ ಒಂದೇ ಸರದಿ.

ಇನ್ನು ಮೀನಿನ ವಿಷಯ. ನ್ಯೂಫೌಂಡ್‌ಲ್ಯಾಂಡ್‌ನ ಬದುಕು ನಿಂತಿದ್ದೇ ಕಾಡ್ ಎಂಬ ಮೀನಿನ ಮೇಲೆ. ಹಿಡಿದೂ ಹಿಡಿದೂ ಮೀನೇ ಬರಿದಾಗಿ 1992ರಲ್ಲಿ ಸರ್ಕಾರ ಅದರ ವಾಣಿಜ್ಯ ಮೀನುಗಾರಿಕೆಗೆ ತಡೆ ಹಾಕಿದಾಗ 30,000ಕ್ಕೂ ಹೆಚ್ಚು ಜನ ಕೆಲಸ ಕಳೆದುಕೊಂಡರು. ಆಮೇಲೂ ಮನೆಯ ಊಟಕ್ಕೆಂದು ಹಿಡಿಯುವ ರೂಢಿ ಉಳಿಯಿತು. ಅಂಥ ಊರಿನಲ್ಲಿ ಸಂಶೋಧನೆಗಾಗಿ ಬೇರೆ ಮೀನು ಕೊಲ್ಲುವುದೇಕೆ? ಮೀನುಗಾರರು ಊಟಕ್ಕೆ ಹಿಡಿದ ಮೀನಿನ ಕರುಳನ್ನೇ ಇವರು ಕೇಳಿ ತರುತ್ತಾರೆ. 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 205 ಕಾಡ್ ಮೀನುಗಳನ್ನು ನೋಡಿದ್ದರು. ಪ್ಲಾಸ್ಟಿಕ್ ಸಿಕ್ಕಿದ್ದು ಶೇ 2.4ರಷ್ಟರಲ್ಲಿ, ಅಂದರೆ 5 ಮೀನುಗಳಲ್ಲಿ.

ಪರೀಕ್ಷೆಯ ಕ್ರಮ ಸರಳ. ಹೊಟ್ಟೆ ಸೀಳಿ, ಒಳಗಿದ್ದದ್ದನ್ನು ಸಣ್ಣ ಕಣ್ಣಿನ ಜರಡಿಗೆ ಹಾಕಿ ನೀರು ಬಿಟ್ಟು ತೊಳೆದು, ಉಳಿದದ್ದನ್ನು ಮೈಕ್ರೋಸ್ಕೋಪಿನಡಿ ಆರಿಸುವುದು. ಬಹಳಷ್ಟು ಲ್ಯಾಬುಗಳು ಪೊಟ್ಯಾಸಿಯಂ ಹೈಡ್ರಾಕ್ಸೈಡಿನಲ್ಲಿ ಮಾಂಸವನ್ನು ಕರಗಿಸಿ ಪ್ಲಾಸ್ಟಿಕ್ ಉಳಿಸಿಕೊಳ್ಳುತ್ತವೆ. ಕ್ಲಿಯರ್ ಅದನ್ನು ಬಳಸುವುದಿಲ್ಲ. ಬಳಸಿದರೆ ಕರುಳು ಅಪಾಯಕಾರಿ ಕಸವಾಗುತ್ತದೆ, ಅದನ್ನು ಬಂದ ಜಾಗಕ್ಕೆ ಹಿಂತಿರುಗಿಸಲು ಆಗುವುದಿಲ್ಲ. ಇದಕ್ಕೆ ಬೆಲೆಯೂ ತೆರಬೇಕು: ತೀರ ಸೂಕ್ಷ್ಮವಾದ, 1 ಮಿಲಿಮೀಟರಿಗಿಂತ ಸಣ್ಣ ಪ್ಲಾಸ್ಟಿಕ್ ಈ ವಿಧಾನದ ಕೈಗೆ ಸಿಗುವುದಿಲ್ಲ. ಅದನ್ನು ಬಲ್ಲವರಾಗಿಯೇ ಬಿಟ್ಟುಕೊಟ್ಟಿದ್ದಾರೆ. ಒಪ್ಪದ ವಿಜ್ಞಾನಿಗಳು ಬೇಕಾದಷ್ಟಿರಬಹುದು, ಆದರೆ ಏನನ್ನು ಬಿಟ್ಟೆವು ಎಂದು ಮುಚ್ಚಿಡದ ಲೆಕ್ಕ ನನಗೆ ಹಿಡಿಸಿತು.

ಉಪಕರಣದಲ್ಲೂ ಇದೇ ಧೋರಣೆ. ನೀರಿನ ಮೇಲ್ಮೈಯ ಪ್ಲಾಸ್ಟಿಕ್ ಸೋಸುವ ಬಲೆ ಕೊಳ್ಳಲು ಸಾವಿರಾರು ಡಾಲರ್ ಬೇಕು. ಇವರು ಮಕ್ಕಳ ಉದ್ದ ಕಾಲುಚೀಲಕ್ಕೆ ಖಾಲಿ ಬಾಟಲಿ ಕಟ್ಟಿ ಒಂದು ಬಲೆ ಮಾಡಿ ‘ಬೇಬಿಲೆಗ್ಸ್’ ಎಂದು ಹೆಸರಿಟ್ಟರು. ಮಾಡುವ ಬಗೆಯನ್ನು ಯಾರು ಬೇಕಾದರೂ ನೋಡಿಕೊಳ್ಳಬಹುದು.

ಲ್ಯಾಬಿನೊಳಗೆ ಯಾರ ಮಾತಿಗೆ ತೂಕ ಎಂಬ ಪ್ರಶ್ನೆ ಬಾಗಿಲಾಚೆಗೂ ಹೋಗುತ್ತದೆ. ಲ್ಯಾಬ್ರಡಾರ್ ಕರಾವಳಿಯ ಇನುಯಿಟ್ ಜನರ ನುನಾತ್ಸಿಯಾವುಟ್ ಸರ್ಕಾರದ ಜೊತೆ ಕ್ಲಿಯರ್ ಕೆಲಸ ಮಾಡುತ್ತದೆ. ‘ನಿಮ್ಮ ಮೀನಿನಲ್ಲಿ ಪ್ಲಾಸ್ಟಿಕ್ ಇದೆ’ ಎಂದು ಪತ್ರಿಕೆಯಲ್ಲಿ ಬಂದರೆ ಊಟಕ್ಕೂ ಹೊಡೆತ, ಮಾರಾಟಕ್ಕೂ ಹೊಡೆತ. ಹಾಗಾಗಿ ಫಲಿತಾಂಶವನ್ನು ಮೊದಲು ಆ ನೀರನ್ನು ನಂಬಿ ಬದುಕುವವರ ಮುಂದಿಡುತ್ತಾರೆ. ಇದರಿಂದ ನಿಮಗೇನಾದರೂ ಕೆಡುಕಾಗುತ್ತದೆಯೇ, ಪ್ರಕಟಿಸಬಹುದೇ ಎಂದು ಕೇಳುತ್ತಾರೆ. ಬೇಡ ಎನ್ನುವ ಹಕ್ಕು ಊರವರಿಗಿದೆ. ಅವರು ಒಪ್ಪಿದ ಮೇಲಷ್ಟೇ ಪ್ರಬಂಧ ವಿಜ್ಞಾನ ಪತ್ರಿಕೆಯ ದಾರಿ ಹಿಡಿಯುತ್ತದೆ.